ಹೊರಾಂಗಣ ಪಿಕಲ್‌ಬಾಲ್ ಕೋರ್ಟಿನ ಅಕ್ರಿಲಿಕ್ ಕೋಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಪಾರ್ಟ್‌ಮೆಂಟ್ ಸಂಘದವರು, ಶಾಲೆಯವರು, ಖಾಲಿ ಸೈಟಿನಲ್ಲಿ ಕೋರ್ಟ್ ಮಾಡಿ ಬಾಡಿಗೆಗೆ ಕೊಡಬೇಕೆಂದಿರುವವರು ಕೇಳುವ ಪ್ರಶ್ನೆಗಳಿವು. ಪಿಕಲ್‌ಬಾಲ್ ಎಂದರೆ ಗಟ್ಟಿ ಪ್ಲಾಸ್ಟಿಕ್ ಚೆಂಡನ್ನು ಬ್ಯಾಟಿನಿಂದ ನೆಟ್ ದಾಟಿಸಿ ಆಡುವ ಆಟ. ಮೊದಲು ಜಾಗ ಮತ್ತು ಆಯ್ಕೆ, ಆಮೇಲೆ ನೆಲ, ಬಳಿಯುವ ಕೆಲಸ, ಕೊನೆಗೆ ಕೆಟ್ಟಾಗ ಮಾಡಬೇಕಾದದ್ದು. ಒಂದು ಮಾತು ಮೊದಲೇ ತಿಳಿದಿರಲಿ: ಕುಷನ್ (ರಬ್ಬರ್ ಕಣದ ಮೆತ್ತನೆಯ ಪದರ) ಇಲ್ಲದ ಅಕ್ರಿಲಿಕ್ ಕೋಟಿಂಗಿನ ಎಲ್ಲ ಪದರ ಸೇರಿದರೂ ದಪ್ಪ ಒಂದೆರಡು ಮಿಲಿಮೀಟರ್ ಮಾತ್ರ. ಕೆಳಗಿನ ನೆಲದಲ್ಲಿ ಏನಿದೆಯೋ ಅದು ಮೇಲೆ ಬಂದೇ ಬರುತ್ತದೆ. ದೂರು ಬಣ್ಣದ ಮೇಲೆ ಬಂದರೂ ಮೂಲ ಬಹುತೇಕ ಕಾಂಕ್ರೀಟಿನಲ್ಲೋ ಮಣ್ಣಿನಲ್ಲೋ ಇರುತ್ತದೆ.

## ಶುರು ಮಾಡುವ ಮೊದಲು

ಅಕ್ರಿಲಿಕ್ ಅಂದ್ರೆ ಪೇಂಟೇ ತಾನೆ? ಹೊರಗೋಡೆಗೆ ಬಳಿಯೋ ಎಮಲ್ಷನ್ ಹೊಡೆದ್ರೆ ಆಗಲ್ವಾ?

ಆಗುವುದಿಲ್ಲ. ಎರಡರಲ್ಲೂ ಅಂಟು ಅಕ್ರಿಲಿಕ್ಕೇ ಆದರೂ ಕೋರ್ಟಿನ ಕೋಟಿಂಗಿನಲ್ಲಿ ಅದಕ್ಕೆ ಸಿಲಿಕಾ ಮರಳು ಸೇರಿರುತ್ತದೆ. ಶೂ ಹಿಡಿತ ಆ ಮರಳಿನಿಂದಲೇ ಬರುತ್ತದೆ. ಗೋಡೆಯ ಬಣ್ಣ ಒಣಗಿದ ಮೇಲೆ ನುಣುಪಾಗುತ್ತದೆ, ಹನಿ ನೀರು ಬಿದ್ದರೂ ಕಾಲು ಜಾರುತ್ತದೆ, ಶೂ ತಿರುಗಿಸಿದ ಕಡೆಯೆಲ್ಲ ಉದುರುತ್ತದೆ. ಮುಂದೆ ಸರಿಯಾದ ಕೋಟಿಂಗ್ ಮಾಡಿಸಬೇಕೆಂದರೆ ಅದನ್ನು ಪೂರ್ತಿ ಕೆರೆದು ತೆಗೆಯಬೇಕು, ಆ ಖರ್ಚು ಬೇರೆ. ಎಪಾಕ್ಸಿಯೂ ಬೇಡ. ಬಿಸಿಲಿಗೆ ಅದು ಹಳದಿಯಾಗಿ ಪುಡಿ ಬಿಡುತ್ತದೆ, ಕೆಳಗಿನ ತೇವವನ್ನು ಹೊರಗೆ ಬಿಡುವುದೂ ಇಲ್ಲ.

ನಮ್ಮದು 40×60 ಸೈಟು. ಕೋರ್ಟ್ ಹಿಡಿಸುತ್ತಾ?

ಗೆರೆಯಿಂದ ಗೆರೆಗೆ ಕೋರ್ಟಿನ ಅಳತೆ 20 ಅಡಿ ಅಗಲ, 44 ಅಡಿ ಉದ್ದ. ಡಬಲ್ಸ್ ಬ್ಯಾಡ್ಮಿಂಟನ್ ಕೋರ್ಟಿನಷ್ಟೇ. ಓಡಾಡುವ ಜಾಗ ಸೇರಿಸಿದರೆ ಕನಿಷ್ಠ 30×60 ಅಡಿ, ಒಳ್ಳೆಯ ಆಟಕ್ಕೆ 34×64 ಅಡಿ ಬೇಕು. 40×60 ಸೈಟಿನಲ್ಲಿ ಅಗಲ ಧಾರಾಳ, ಉದ್ದ ಇಕ್ಕಟ್ಟು. ಎರಡೂ ತುದಿಯ ಕಾಂಪೌಂಡ್ ಗೋಡೆ ಕಳೆದರೆ ಒಳಗೆ 60 ಅಡಿ ಪೂರ್ತಿ ಉಳಿಯುವುದಿಲ್ಲ. ಹಾಗಾಗಿ ಹಿಂದೆ ಸರಿದು ಹೊಡೆಯುವವರು ಗೋಡೆಗೆ ತಾಗದಂತೆ ಪ್ಯಾಡ್ ಹಾಕಿಸಿ. 30×40 ಸೈಟಿನಲ್ಲಿ ಪ್ರಶ್ನೆಯೇ ಇಲ್ಲ. ಆಯ್ಕೆ ಇದ್ದರೆ ಉದ್ದವನ್ನು ಉತ್ತರ-ದಕ್ಷಿಣಕ್ಕೆ ಇಡಿ, ಬೆಳಗ್ಗೆ ಸಂಜೆ ಸೂರ್ಯ ಆಟಗಾರರ ಕಣ್ಣಿಗೆ ಹೊಡೆಯುವುದಿಲ್ಲ.

ಪ್ಲಾಸ್ಟಿಕ್ ಟೈಲ್ಸ್ ಹಾಕೋದಾ, ಅಕ್ರಿಲಿಕ್ಕಾ?

ಬಾಡಿಗೆ ಜಾಗವಾಗಿದ್ದು ಎರಡು ಮೂರು ವರ್ಷದಲ್ಲಿ ಎತ್ತಿಕೊಂಡು ಹೋಗಬೇಕಿದ್ದರೆ, ಅಥವಾ ಹಳೆಯ ಬಿರುಕುಬಿಟ್ಟ ನೆಲವನ್ನು ಒಡೆಯಲು ಮನಸ್ಸಿಲ್ಲದಿದ್ದರೆ ಟೈಲ್ಸ್ ಒಪ್ಪಬಹುದು. ಚೆಂಡಿನ ಪುಟಿತ ಮುಖ್ಯವೆನ್ನುವವರಿಗೆ ಅಕ್ರಿಲಿಕ್ಕೇ. ಟೈಲ್ಸಿನ ಕೆಳಗಿನ ಟೊಳ್ಳಿನಿಂದ ಚೆಂಡು ಎಲ್ಲ ಕಡೆ ಒಂದೇ ರೀತಿ ಏಳುವುದಿಲ್ಲ. ಟರ್ಫ್ ಮೇಲೆ ಈ ಆಟ ಆಗುವುದಿಲ್ಲ, ಗಟ್ಟಿ ಪ್ಲಾಸ್ಟಿಕ್ ಚೆಂಡು ಅದರಲ್ಲಿ ಏಳುವುದೇ ಇಲ್ಲ.

ಒಬ್ಬರು 5 ಲೇಯರ್ ಅಂತಾರೆ, ಇನ್ನೊಬ್ಬರು 8 ಲೇಯರ್ "ಐಟಿಎಫ್ ಅಪ್ರೂವ್ಡ್" ಅಂತಾರೆ. ಯಾವುದು ಒಳ್ಳೇದು?

ಲೇಯರ್ ಎಣಿಸಿ ತೀರ್ಮಾನಿಸಬೇಡಿ. ಐದೆಂದರೆ ಸಾಮಾನ್ಯವಾಗಿ ಪ್ರೈಮರ್, ರಂಧ್ರ ತುಂಬುವ ರಿಸರ್ಫೇಸರ್ ಎರಡು, ಬಣ್ಣ ಎರಡು. ಎಂಟೆಂದರೆ ನಡುವೆ ರಬ್ಬರ್ ಕಣದ ಕುಷನ್ ಪದರಗಳು ಸೇರಿರಬೇಕು. ಎಷ್ಟೋ ಕಡೆ ಅದೇ ಸಾಮಾನಿಗೆ ಹೆಚ್ಚು ನೀರು ಬೆರೆಸಿ ತೆಳ್ಳಗೆ ಎಂಟು ಸಲ ಎಳೆದು ಎಂಟು ಲೇಯರ್ ಎನ್ನುತ್ತಾರೆ. ಕೇಳಬೇಕಾದದ್ದು ಚದರ ಮೀಟರಿಗೆ ನೀರು ಬೆರೆಸುವ ಮೊದಲಿನ ಸಾಮಾನು ಎಷ್ಟು ಲೀಟರ್ ಎಂದು.

ಐಟಿಎಫ್ ಟೆನಿಸ್ ಸಂಸ್ಥೆ. ಕೋಟಿಂಗ್ ಉತ್ಪನ್ನಕ್ಕೆ ಅದು ಕೊಡುವ ವರ್ಗೀಕರಣ ಟೆನಿಸ್ ಚೆಂಡಿನ ವೇಗಕ್ಕೆ ಸಂಬಂಧಿಸಿದ್ದು. ಉತ್ಪನ್ನ ಯಾವ ಮಟ್ಟದ್ದೆಂದು ಅದರಿಂದ ಸ್ವಲ್ಪ ತಿಳಿಯಬಹುದು, ಆದರೆ ನಿಮ್ಮ ನೆಲದ ವಾಟ (ನೀರು ಹರಿಯಲು ಕೊಡುವ ಇಳಿಜಾರು), ಗಟ್ಟಿತನ, ಬಳಿದ ರೀತಿ ಇವುಗಳಿಗೆ ಆ ಪ್ರಮಾಣಪತ್ರ ಜಾಮೀನಲ್ಲ.

## ನೆಲ

ಕಾಂಕ್ರೀಟ್ ಹಾಕಿಸಬೇಕಾ, ಡಾಂಬರಾ?

ಎರಡರ ಮೇಲೂ ಅಕ್ರಿಲಿಕ್ ಚೆನ್ನಾಗಿ ಕೂರುತ್ತದೆ. ಡಾಂಬರಿನ ನೆಲಕ್ಕೆ ಜಾಯಿಂಟ್ ಇಲ್ಲ, ತೇವವೂ ಸುಲಭವಾಗಿ ಹೊರಹೋಗುತ್ತದೆ, ಕೋಟಿಂಗ್ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಒಂದೇ ಕೋರ್ಟಿಗಾಗಿ ಪೇವರ್, ರೋಲರ್ ತರಿಸಿ ನಯವಾಗಿ ಹಾಸುವ ಗುತ್ತಿಗೆದಾರರು ಸಿಗುವುದು ಕಷ್ಟ. ರಸ್ತೆ ಹಾಕುವವರು ರಸ್ತೆಯಂತೆಯೇ ಹಾಸಿ ಹೋಗುತ್ತಾರೆ. ನಾಲ್ಕಾರು ಕೋರ್ಟ್ ಒಟ್ಟಿಗೆ ಇದ್ದರೆ ಡಾಂಬರು ಲಾಭ, ಒಂದೆರಡಕ್ಕೆ ಕಾಂಕ್ರೀಟ್ ಸುಲಭ.

ಒಂದು ಕೋರ್ಟಿನ ಕಾಂಕ್ರೀಟ್ ನೆಲ ಸಾಮಾನ್ಯವಾಗಿ ಹೀಗಿರುತ್ತದೆ. ಮೇಲ್ಮಣ್ಣು, ಬೇರು ತೆಗೆದು ದಮ್ಮಸು ಮಾಡಿದ ನೆಲ, ಅದರ ಮೇಲೆ 150 ಮಿ.ಮೀ. ಜಲ್ಲಿ ಪದರ ರೋಲ್ ಮಾಡಿ, ಮೇಲೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 100ರಿಂದ 125 ಮಿ.ಮೀ. ಎಂ20 ಅಥವಾ ಎಂ25 ದರ್ಜೆಯ ಕಾಂಕ್ರೀಟ್, ಒಳಗೆ 8 ಮಿ.ಮೀ. ಕಂಬಿಯ ಜಾಲ 200 ಮಿ.ಮೀ. ಅಂತರದಲ್ಲಿ. ಹಾಳೆಯ ಅಂಚುಗಳು ಒಂದರ ಮೇಲೊಂದು ಅರ್ಧ ಅಡಿಯಷ್ಟಾದರೂ ಬರಬೇಕು, ಜೋಡಣೆಗೆ ಟೇಪ್ ಹಾಕಬೇಕು. ಈ ಹಾಳೆಯನ್ನು ದಯವಿಟ್ಟು ಬಿಡಬೇಡಿ. ಇಡೀ ಯೋಜನೆಯಲ್ಲಿ ಅತಿ ಅಗ್ಗದ ಸಾಮಾನು ಇದು. ಬಿಟ್ಟರೆ ಮುಂದೆ ಏಳುವ ಗುಳ್ಳೆಗಳಿಗೆ ಯಾವ ದುಬಾರಿ ಬಣ್ಣವೂ ಉತ್ತರವಲ್ಲ.

ನೆಟ್ ಕಂಬದ ಪೈಪು ಕಾಂಕ್ರೀಟ್ ಹಾಕುವಾಗಲೇ ಹುಗಿಯಬೇಕು, ಕಂಬದಿಂದ ಕಂಬಕ್ಕೆ 22 ಅಡಿ. ಕೋಟಿಂಗ್ ಆದಮೇಲೆ ಕೊರೆದು ಕೂರಿಸಿದರೆ ಆ ಅಂಚಿನಿಂದಲೇ ನೀರು ಒಳಗಿಳಿಯುತ್ತದೆ.

ನಮ್ಮದು ಹುಬ್ಬಳ್ಳಿ ಕಡೆ, ಎರೆ ಭೂಮಿ. ಏನಾದ್ರೂ ಬೇರೆ ಮಾಡ್ಬೇಕಾ?

ಬೇಕೇ ಬೇಕು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ತೆಳು ಕಾಂಕ್ರೀಟ್ ಅದರ ಜೊತೆ ಎದ್ದು ಕೂತು ಒಡೆಯುತ್ತದೆ. ಎರಡರಿಂದ ಮೂರು ಅಡಿ ಎರೆ ಮಣ್ಣು ತೆಗೆದು ಗರಸು ತುಂಬಿಸಿ, 150ರಿಂದ 200 ಮಿ.ಮೀ. ಪದರಗಳಾಗಿ ನೀರು ಹಾಕಿ ರೋಲ್ ಮಾಡಿಸಿ. ತುಂಬುವಿಕೆ ಕಾಂಕ್ರೀಟಿನ ಅಂಚಿನಾಚೆಗೂ ಮೂರು ಅಡಿ ಇರಲಿ. ಸುತ್ತ ಚರಂಡಿ ಮಾಡಿ ಮಳೆನೀರು ಅಂಚಿನಲ್ಲಿ ಇಂಗದಂತೆ ನೋಡಿಕೊಳ್ಳಿ. ಕೋರ್ಟಿಗೆ ತಾಗಿದಂತೆ ಹೂವಿನ ಮಡಿ, ಹುಲ್ಲುಹಾಸು ಬೇಡ. ಒಂದು ಬದಿ ಸದಾ ಒದ್ದೆ, ಇನ್ನೊಂದು ಬದಿ ಒಣ ಎಂದಾದರೆ ಆ ಏರುಪೇರೇ ನೆಲವನ್ನು ಸೀಳುತ್ತದೆ. ಮಣ್ಣಿನ ಆಳ ಹೆಚ್ಚಿದ್ದರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ.

ವಾಟ ಎಷ್ಟು ಕೊಡಬೇಕು? ಮಟ್ಟವಾಗಿದ್ರೆ ಆಟಕ್ಕೆ ಒಳ್ಳೇದಲ್ವಾ?

ಹೊರಾಂಗಣ ಕೋರ್ಟ್ ರಸಮಟ್ಟದಷ್ಟು ಸಮ ಇರಕೂಡದು. ಸಮ ಎಂದುಕೊಂಡ ಕಡೆಯಲ್ಲೇ ನೀರು ನಿಲ್ಲುವುದು. ಹತ್ತು ಅಡಿಗೆ ಒಂದು ಇಂಚು, ಅಥವಾ ಸ್ವಲ್ಪ ಕಡಿಮೆಯೆಂದರೆ ಹನ್ನೆರಡು ಅಡಿಗೆ ಒಂದು ಇಂಚು ವಾಟ ಕೊಡಬೇಕು. 30 ಅಡಿ ಅಗಲಕ್ಕೆ ಅದು ಎರಡೂವರೆಯಿಂದ ಮೂರು ಇಂಚು. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಇಡೀ ನೆಲ ಒಂದೇ ಹಲಗೆಯಂತೆ ಒಂದೇ ಕಡೆಗೆ ಬಾಗಿರಬೇಕು, ಸಾಧ್ಯವಾದರೆ ಒಂದು ಪಕ್ಕದ ಗೆರೆಯಿಂದ ಇನ್ನೊಂದು ಪಕ್ಕಕ್ಕೆ. ಮೇಸ್ತ್ರಿಗಳು ಟೆರೇಸಿನ ರೂಢಿಯಲ್ಲಿ ನಡುವೆ ಎತ್ತರಿಸಿ ನಾಲ್ಕೂ ಕಡೆ ವಾಟ ಕೊಡುತ್ತಾರೆ, ಅದು ತಪ್ಪು. ನೆಟ್ ಕೆಳಗೆ ದಿಣ್ಣೆಯೋ ತಗ್ಗೋ ಆದರೆ ನೆಟ್ಟಿನ ಎತ್ತರದ ಲೆಕ್ಕವೇ ಕೆಡುತ್ತದೆ. ಪಕ್ಕದಲ್ಲಿ 36 ಇಂಚು, ನಡುವೆ 34 ಇಂಚು ಇರಬೇಕಾದದ್ದು ಎಲ್ಲೋ ಹೋಗುತ್ತದೆ. ಕಾಂಕ್ರೀಟ್ ಹಾಕುವ ಮುಂಚೆ ಟ್ಯೂಬ್ ಲೆವೆಲ್ಲಿನಿಂದಲೋ ಲೇಸರಿನಿಂದಲೋ ನಾಲ್ಕು ಮೂಲೆ ಹಾಗೂ ನಡುವಿನ ಗುರುತುಗಳನ್ನು ನೀವೇ ನಿಂತು ನೋಡಿ.

ಟ್ರೈಮಿಕ್ಸ್ ಮಾಡಿ ಕನ್ನಡಿ ಥರ ನುಣ್ಣಗೆ ಮಾಡಿಕೊಡ್ತೀನಿ ಅಂತಾರೆ. ಮಾಡಿಸಲಾ?

ಟ್ರೈಮಿಕ್ಸ್ ಮಾಡಿಸಿ, ನುಣುಪು ಬೇಡ. ಹೆಚ್ಚುವರಿ ನೀರನ್ನು ವ್ಯಾಕ್ಯೂಮಿನಲ್ಲಿ ಎಳೆಯುವುದರಿಂದ ಕಾಂಕ್ರೀಟ್ ಗಟ್ಟಿಯಾಗುತ್ತದೆ, ಅದು ಒಳ್ಳೆಯದೇ. ಆಮೇಲೆ ಪವರ್ ಟ್ರೋವೆಲ್ ತಿರುಗಿಸಿ ಮಿಂಚುವಂತೆ ಮಾಡುವುದು ಗೋದಾಮಿಗೆ ಸರಿ, ಕೋರ್ಟಿಗಲ್ಲ. ಮಿಂಚುವ ಮೈಗೆ ಅಕ್ರಿಲಿಕ್ ಹಿಡಿಯುವುದಿಲ್ಲ. ಕಡೆಯ ಹಂತದಲ್ಲಿ ಸಣ್ಣ ಪೊರಕೆ ಎಳೆದು ಮಧ್ಯಮ ಮರಳು ಕಾಗದದಷ್ಟು ತರಿ ಬಿಡಿಸಿ. ಕ್ಯೂರಿಂಗಿಗೆ ನೀರು ಮತ್ತು ಒದ್ದೆ ಗೋಣಿಚೀಲ ಮಾತ್ರ. ಸಿಂಪಡಿಸುವ ಕ್ಯೂರಿಂಗ್ ಕಾಂಪೌಂಡ್ ಮೇಣದಂಥ ಪೊರೆ ಬಿಡುತ್ತದೆ, ಅದರ ಮೇಲೆ ಬಳಿದದ್ದೆಲ್ಲ ಹಾಳೆಯಂತೆ ಎದ್ದು ಬರುತ್ತದೆ.

ಕಾಂಕ್ರೀಟ್ ಹಾಕಿ ಎಷ್ಟು ದಿನಕ್ಕೆ ಬಣ್ಣ ಹೊಡಿಬಹುದು?

ಕಾಂಕ್ರೀಟಿಗೆ ಕನಿಷ್ಠ 28 ದಿನ, ಡಾಂಬರಿಗೆ 14ರಿಂದ 30 ದಿನ. ಕಾಂಕ್ರೀಟಿನ ವಿಷಯದಲ್ಲಿ ದಿನ ಎಣಿಸಿದರೆ ಸಾಲದು, ತೇವವನ್ನೂ ನೋಡಬೇಕು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ 16 ಗಂಟೆ ಬಿಡಿ. ಸಂಜೆ ಅಂಟಿಸಿ ಮರುದಿನ ಬಿಸಿಲೇರಿದ ಮೇಲೆ ತೆಗೆದರೆ ಸರಿಹೋಗುತ್ತದೆ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಕೆಳಗಿನ ನೆಲ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಮೂಲೆ, ನಡು, ತಗ್ಗಿನ ಬದಿ ಹೀಗೆ ಮೂರ್ನಾಲ್ಕು ಕಡೆ ಮಾಡಿ.

ಟೆರೇಸ್ ಮೇಲೆ ಮಾಡಿಸಬಹುದಾ?

ಕಟ್ಟಡದ ತಾರಸಿ ಆ ಭಾರಕ್ಕೂ ಜಿಗಿತಕ್ಕೂ ತಡೆಯುತ್ತದೆಂದು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಟ್ಟರೆ ಮಾಡಬಹುದು. ಅಕ್ರಿಲಿಕ್ಕನ್ನೇ ವಾಟರ್‌ಪ್ರೂಫಿಂಗ್ ಎಂದು ಯಾರಾದರೂ ಮಾರಿದರೆ ಒಪ್ಪಬೇಡಿ. ಅದು ಬೇರೆ ಪದರ, ಮೊದಲೇ ಆಗಿರಬೇಕು, ಅದರ ಮೇಲೆ ವಾಟದ ಕಾಂಕ್ರೀಟ್ ಬಂದು ಆಮೇಲೆ ಕೋಟಿಂಗ್. ಕೆಳಮನೆಯವರಿಗೆ ಕೇಳುವ ಟಕಟಕ ಸದ್ದಿಗೆ ತೆಳು ಕೋಟಿಂಗಿನಿಂದ ಪರಿಹಾರವಿಲ್ಲ.

## ಬಳಿಯುವ ಕೆಲಸ

ಬಳಿಯೋ ಮೊದಲು ನೀರು ಬಿಟ್ಟು ನೋಡ್ಬೇಕು ಅಂತಾರಲ್ಲ, ಅದು ಹೇಗೆ?

ಇಡೀ ನೆಲಕ್ಕೆ ಪೈಪಿನಿಂದ ನೀರು ಹರಿಸಿ, ತುಂಬಿ ಹರಿದುಹೋಗಲು ಬಿಡಿ. ಬಿಸಿಲಿರುವ ಹೊತ್ತಿನಲ್ಲಿ ಒಂದು ಗಂಟೆ ಬಿಟ್ಟು ಬನ್ನಿ. ಇನ್ನೂ ನಿಂತ ನೀರಿನ ಆಳ ನಾಣ್ಯದ ದಪ್ಪಕ್ಕಿಂತ, ಅಂದರೆ ಸುಮಾರು ಒಂದೂವರೆ ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅದು ತುಂಬಬೇಕಾದ ತಗ್ಗು. ನೀರಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ಆಳ ಬರೆದಿಡಿ.

ತುಂಬುವುದಕ್ಕೆ ಅಕ್ರಿಲಿಕ್ ಪ್ಯಾಚ್ ಬೈಂಡರ್, ಸಿಲಿಕಾ ಮರಳು, ಸಿಮೆಂಟ್ ಬೇಕು. ಒಂದು ಲೀಟರ್ ಬೈಂಡರಿಗೆ ಸುಮಾರು 4 ಕೆ.ಜಿ. ಮರಳು, ಅರ್ಧದಿಂದ ಒಂದು ಕೆ.ಜಿ. ಸಿಮೆಂಟ್. ಉತ್ಪನ್ನದ ಡಬ್ಬಿಯ ಮೇಲೆ ಬೇರೆ ಪ್ರಮಾಣ ಇದ್ದರೆ ಅದನ್ನೇ ಹಿಡಿಯಿರಿ. ಮೊದಲು ನೀರು ಬೆರೆಸಿದ ಬೈಂಡರನ್ನು ಬ್ರಷ್ಷಿನಲ್ಲಿ ಬಳಿದು, ಅದು ಅಂಟಂಟಾಗಿರುವಾಗಲೇ ಮಿಶ್ರಣ ಸುರಿದು, ಗುರುತಿನ ಎರಡೂ ಬದಿ ತಾಗುವಷ್ಟು ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯಿಂದ ಎಳೆಯಿರಿ. 6 ಮಿ.ಮೀ.ಗಿಂತ ಆಳವಿದ್ದರೆ ಎರಡು ಸಲವಾಗಿ ತುಂಬಿ. ಒಮ್ಮೆಲೇ ತುಂಬಿದರೆ ಮೇಲೆ ಒಣಗಿ ಒಳಗೆ ಹಸಿಯುಳಿದು ಕೆರೆಯ ಕೆಸರಿನಂತೆ ಬಿರಿಯುತ್ತದೆ. ಒಣಗಿದ ಮೇಲೆ ಅಂಚನ್ನು ಉಜ್ಜಿ, ಮತ್ತೆ ನೀರು ಬಿಡಿ. ಎರಡನೇ ಸಲದ ಈ ಪರೀಕ್ಷೆಯನ್ನು ಅವಸರದಲ್ಲಿ ಎಲ್ಲರೂ ಬಿಡುತ್ತಾರೆ. ಆಮೇಲೆ ಬಣ್ಣದ ಕೋಟಿನಲ್ಲಿ ತಗ್ಗು ತುಂಬಲು ನೋಡುವುದು ಸಾಧ್ಯವೇ ಇಲ್ಲ, ಬಣ್ಣ ಎಳೆಯುವ ರಬ್ಬರ್ ಪಟ್ಟಿ (ಸ್ಕ್ವೀಜಿ) ತಗ್ಗನ್ನು ಹಾಗೇ ಅನುಸರಿಸಿ ಹೋಗುತ್ತದೆ.

ಯಾವ ಕ್ರಮದಲ್ಲಿ ಬಳಿತಾರೆ? ಎಷ್ಟು ಸಾಮಾನು ಬೇಕು?

ಹೊಸ ಕಾಂಕ್ರೀಟಾದರೆ ಮೊದಲು ದುರ್ಬಲಗೊಳಿಸಿದ ಆಸಿಡ್ಡಿನಿಂದ ತೊಳೆದು ಮೈ ಬಿಡಿಸುತ್ತಾರೆ. ಕೈಗವಸು, ಬೂಟು, ಕನ್ನಡಕ ಕಡ್ಡಾಯ, ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರಲ್ಲ. ನೊರೆ ನಿಂತ ಮೇಲೆ ಎರಡು ಮೂರು ಸಲ ಧಾರಾಳ ನೀರಿನಿಂದ ತೊಳೆದು ಒಣಗಿಸಬೇಕು. ನೆಲದ ಮೇಲೆ ಒಂದು ಲೋಟ ನೀರು ಚೆಲ್ಲಿ ನೋಡಿ: ಹೀರಿಕೊಂಡು ಕಪ್ಪಾದರೆ ತಯಾರು, ಮುತ್ತಿನ ಹಾಗೆ ಉರುಳಿದರೆ ಇನ್ನೂ ಏನೋ ಪೊರೆ ಇದೆ. ಡಾಂಬರಿಗೆ ಆಸಿಡ್ ಬೇಡ.

ಆಮೇಲೆ ಕಾಂಕ್ರೀಟಿಗೆ ಪ್ರೈಮರ್, ಅದು ಒಣಗಿದ ಮೇಲೆ ರಿಸರ್ಫೇಸರ್ ಎರಡು ಕೋಟ್, ಬಣ್ಣ ಎರಡು ಅಥವಾ ಮೂರು ಕೋಟ್, ಕಡೆಗೆ ಗೆರೆ. ಎರಡರಿಂದ ಮೂರು ಅಡಿ ಅಗಲದ ಮೃದು ರಬ್ಬರಿನ ಸ್ಕ್ವೀಜಿಯಿಂದ, ಸುರಿದ ಸಾಮಾನಿನ ದಂಡೆಯನ್ನು ಮುಂದೆ ತಳ್ಳದೆ ಎಳೆದುಕೊಂಡು ಹೋಗುತ್ತಾರೆ. ಒಂದು ಕೋಟ್ ಉದ್ದುದ್ದ, ಮುಂದಿನದು ಅಡ್ಡಡ್ಡ. ಪ್ರತಿ ಕೋಟಿನ ನಡುವೆ ಎದ್ದ ಏಣುಗಳನ್ನು ಸ್ಕ್ರೇಪರಿನಿಂದ ಕೆರೆದು ಧೂಳು ಊದಬೇಕು. ಈ ಕೆರೆಯುವ ಕೆಲಸ ಮಾಡದಿದ್ದರೆ ಸಂಜೆಯ ಲೈಟಿನಲ್ಲಿ ಏಣೆಲ್ಲ ಎದ್ದು ಕಾಣುತ್ತದೆ.

ಲೆಕ್ಕಕ್ಕೆ 30×60 ಅಡಿ ಕೋರ್ಟ್ ಹಿಡಿಯಿರಿ, ಅದು 1800 ಚದರ ಅಡಿ, ಸುಮಾರು 167 ಚದರ ಮೀಟರ್. ನೀರು, ಮರಳು ಬೆರೆಸುವ ಮೊದಲಿನ ರಿಸರ್ಫೇಸರ್ ಒಂದು ಕೋಟಿಗೆ ಚದರ ಮೀಟರಿಗೆ 0.23ರಿಂದ 0.32 ಲೀಟರ್, ಅಂದರೆ ಕೋರ್ಟಿಗೆ 38ರಿಂದ 53 ಲೀಟರ್. ಬಣ್ಣ ಒಂದು ಕೋಟಿಗೆ 30ರಿಂದ 40 ಲೀಟರ್. ಎರಡು ರಿಸರ್ಫೇಸರ್, ಎರಡು ಬಣ್ಣವೆಂದರೆ 20 ಲೀಟರಿನ ಡಬ್ಬಿಗಳು ಏಳೆಂಟರಿಂದ ಒಂಬತ್ತು. ಕಾರ್ಖಾನೆಯಲ್ಲೇ ಮರಳು ಬೆರೆಸಿ ಬರುವ ಸಾಮಾನಾದರೆ ಇದಕ್ಕಿಂತ ಹೆಚ್ಚು ಡಬ್ಬಿ ಬೇಕು. ಕೆಲಸ ಮುಗಿದ ದಿನ ಖಾಲಿ ಡಬ್ಬಿ ಎಣಿಸಿ. ನಾಲ್ಕೇ ಇದ್ದರೆ ಉಳಿದದ್ದು ನೀರು.

ಸಿಲಿಕಾ ಮರಳು ದುಬಾರಿ. ಎಂ-ಸ್ಯಾಂಡ್ ಜರಡಿ ಹಿಡಿದು ಹಾಕಿದ್ರೆ?

ಬೇಡ. ಎಂ-ಸ್ಯಾಂಡಿನ ಕಲ್ಲುಪುಡಿ ಅಂಟನ್ನೆಲ್ಲ ಹೀರಿಕೊಳ್ಳುತ್ತದೆ, ಚೂಪು ಅಂಚುಗಳು ಶೂ ಮತ್ತು ಚೆಂಡನ್ನು ತಿನ್ನುತ್ತವೆ. ಹೊಳೆಯ ಮರಳಿನಲ್ಲಿ ಜೇಡಿ, ಸಮುದ್ರದ ಮರಳಿನಲ್ಲಿ ಉಪ್ಪು. ಬೇಕಾದದ್ದು ತೊಳೆದು ಒಣಗಿಸಿದ ಸಿಲಿಕಾ ಮರಳು, ರಿಸರ್ಫೇಸರಿಗೆ 60ರಿಂದ 80 ಮೆಶ್ (ಜರಡಿಯ ಸಂಖ್ಯೆ, ಹೆಚ್ಚಿದಷ್ಟೂ ಮರಳು ಸಣ್ಣ), ಬಣ್ಣಕ್ಕೆ ಇನ್ನೂ ಸಣ್ಣ, 80ರಿಂದ 100 ಮೆಶ್. ರಿಸರ್ಫೇಸರಿನ ಒಂದು ಲೀಟರಿಗೆ ಸುಮಾರು ಒಂದೂಕಾಲರಿಂದ ಎರಡು ಕೆ.ಜಿ. ಮರಳು ಹೋಗುತ್ತದೆ. ಇಡೀ ಕೋರ್ಟಿಗೆ ಒಂದೇ ಲಾಟಿನ ಮರಳು ತರಿಸಿ. ಬಳಿಯುವಾಗ ಡ್ರಮ್ಮಿನಲ್ಲಿ ಮಿಕ್ಸರ್ ತಿರುಗುತ್ತಲೇ ಇರಬೇಕು. ಮರಳು ತಳಕ್ಕಿಳಿದರೆ ಕೋರ್ಟಿನ ಒಂದು ತುದಿ ಜಾರುತ್ತದೆ, ಇನ್ನೊಂದು ತುದಿ ಚರ್ಮ ಕೀಳುತ್ತದೆ.

ಯಾವ ತಿಂಗಳಲ್ಲಿ ಮಾಡಿಸಬೇಕು?

ಈ ಕೋಟಿಂಗ್ ನೀರಿನಲ್ಲಿ ತೇಲುವ ಅಕ್ರಿಲಿಕ್ ಕಣಗಳು. ನೀರು ಆರಿಹೋಗುತ್ತಾ ಕಣಗಳು ಒಂದಕ್ಕೊಂದು ಬೆಸೆದುಕೊಂಡರೆ ಮಾತ್ರ ಪೊರೆಯಾಗುತ್ತದೆ. ಚಳಿ ಹೆಚ್ಚಿದ್ದರೆ ಬೆಸೆಯುವುದಿಲ್ಲ, ಮಳೆ ಬಿದ್ದರೆ ತೊಳೆದುಹೋಗುತ್ತದೆ, ನೆಲ ಕಾದಿದ್ದರೆ ಎಳೆಯುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ಗಾಳಿ, ನೆಲ ಎರಡೂ 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರಬೇಕು, ನೆಲದ ಬಿಸಿ 60 ಡಿಗ್ರಿ ಮೀರಬಾರದು, ಮುಂದಿನ 24 ಗಂಟೆ ಮಳೆಯ ಸೂಚನೆ ಇರಬಾರದು.

ಬೆಂಗಳೂರು, ಮೈಸೂರು ಕಡೆಗೆ ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಬಿಸಿಲಿದ್ದು ಸಂಜೆ ಗುಡುಗು ಮಳೆ ಬಂದು ಕೆಲಸ ಕೆಡಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿಗೆ ವರ್ಷದ ಜೋರು ಮಳೆಯ ತಿಂಗಳು, ಆಗ ಶುರು ಮಾಡಲೇಬೇಡಿ. ಕರಾವಳಿಯಲ್ಲಿ ಡಿಸೆಂಬರಿನಿಂದ ಏಪ್ರಿಲ್ ಆಗಬಹುದು, ಆದರೆ ಇಬ್ಬನಿ ಮತ್ತು ತೇವದ ಗಾಳಿಯಿಂದ ಒಣಗಲು ತಡ, ಸೂರ್ಯಾಸ್ತಕ್ಕೆ ಮೂರು ಗಂಟೆ ಮೊದಲೇ ಆ ದಿನದ ಕೋಟ್ ಮುಗಿಸಿ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಬೆಳಗಿನ ಹತ್ತು ಗಂಟೆಯೊಳಗಿನ ಕೆಲಸವಷ್ಟೇ ಕೆಲಸ. ಕೊಡಗು, ಚಿಕ್ಕಮಗಳೂರಿನ ಚಳಿಯ ಬೆಳಗಿನಲ್ಲಿ ನೆಲ ಬೆಚ್ಚಗಾಗುವ ತನಕ ಕಾಯಿರಿ.

ಯಾವ ಬಣ್ಣ ಚೆನ್ನಾಗಿರುತ್ತೆ?

ಹೊರಾಂಗಣದ ಚೆಂಡು ಸಾಮಾನ್ಯವಾಗಿ ಹೊಳೆಯುವ ಹಳದಿ-ಹಸಿರು, ಹಾಗಾಗಿ ತಿಳಿ ಹಸಿರು, ಹಳದಿ ನೆಲ ಬೇಡ. ನೀಲಿ ಕೋರ್ಟ್, ಸುತ್ತ ಹಸಿರು, ನೆಟ್ ಪಕ್ಕದ ಕಿಚನ್ ಭಾಗ (ಒಳಗೆ ನಿಂತು, ಪುಟಿಯುವ ಮುಂಚೆ ಚೆಂಡು ಹೊಡೆಯಬಾರದ ಜಾಗ) ಬೇರೆ ಬಣ್ಣ ಎಂದರೆ ಚೆಂಡೂ ಗೆರೆಯೂ ಸ್ಪಷ್ಟ. ಗಾಢ ಬಣ್ಣ ಹೆಚ್ಚು ಕಾಯುತ್ತದೆ, ಮಧ್ಯಾಹ್ನ ಆಡುವ ಶಾಲೆಗಳು ತಿಳಿ ಛಾಯೆ ಆರಿಸುವುದು ಒಳಿತು. ಇಟ್ಟಿಗೆ ಕೆಂಪು ಬಿಸಿಲಿಗೆ ಬಾಳಿಕೆ ಬರುತ್ತದೆ, ಕಡು ಕೆಂಪು, ನೇರಳೆ ಬೇಗ ಮಂಕಾಗುತ್ತವೆ.

ಗೆರೆ ಅಳತೆ ಎಲ್ಲಿಂದ ಎಲ್ಲಿಗೆ ಹಿಡಿಬೇಕು?

ಹೊರ ಅಂಚಿನಿಂದ ಹೊರ ಅಂಚಿಗೆ. 20×44 ಅಡಿಯೊಳಗೆ ಗೆರೆಯ ದಪ್ಪವೂ ಸೇರಿದೆ, ಗೆರೆ 2 ಇಂಚು ಅಗಲ. ಕಿಚನ್ ಗೆರೆ ನೆಟ್ಟಿನಿಂದ 7 ಅಡಿ, ಆ 7 ಅಡಿಯಲ್ಲೂ ಗೆರೆ ಸೇರಿದೆ. ಕಿಚನ್ನಿನ ಹಿಂದೆ 15 ಅಡಿ ಉದ್ದದ ಎರಡು ಸರ್ವಿಸ್ ಅಂಕಣ, ನಡುವೆ ಒಂದು ಗೆರೆ. ಮೂಲೆ ಚೌಕವಿದೆಯೇ ಎಂದು ಕರ್ಣ ಅಳೆದು ನೋಡಿ: ಪೂರ್ತಿ ಕೋರ್ಟಿನ ಎರಡೂ ಕರ್ಣ 48 ಅಡಿ 4 ಇಂಚು, ನೆಟ್ಟಿನಿಂದ ಹಿಂದಿನ ಗೆರೆವರೆಗಿನ ಅರ್ಧ ಕೋರ್ಟಿನದು 29 ಅಡಿ 8¾ ಇಂಚು ಬರಬೇಕು.

ತರಿಯಾದ ಮೈಮೇಲೆ ಟೇಪಿನ ಕೆಳಗೆ ಬಿಳಿ ಬಣ್ಣ ನುಗ್ಗುತ್ತದೆ. ಅದಕ್ಕೆ ಟೇಪ್ ಒತ್ತಿದ ಮೇಲೆ ಮೊದಲು ಲೈನ್ ಪ್ರೈಮರ್ ಬಳಿದು ಅಂಚು ಮುಚ್ಚಿ, ಆಮೇಲೆ ಬಿಳಿ ಎರಡು ಕೈ. ಬಿಳಿ ಹಸಿಯಿರುವಾಗಲೇ ಟೇಪ್ ಎಳೆಯಿರಿ. ರಸ್ತೆಗೆ, ಗೇಟಿಗೆ ಬಳಿಯುವ ಎಣ್ಣೆ ಬಣ್ಣ ಹಾಕಿದರೆ ಗೆರೆ ಬಿರಿದು ಕೆಳಗಿನ ಕೋಟನ್ನೂ ಎತ್ತುತ್ತದೆ, ಒದ್ದೆಯಾದಾಗ ಜಾರುತ್ತದೆ. ಗೆರೆಯಾದ ಮೇಲೆ ಕನಿಷ್ಠ 24 ಗಂಟೆ, ಸಾಧ್ಯವಾದರೆ ಮೂರು ದಿನ ಬಿಟ್ಟು ಆಡಿ.

## ಕೆಟ್ಟಾಗ, ಹಳತಾದಾಗ

ಮಳೆಗಾಲ ಮುಗಿದು ಬಿಸಿಲು ಬಿದ್ದ ಕೂಡ್ಲೇ ಗುಳ್ಳೆ ಎದ್ದಿವೆ. ಯಾಕೆ?

ಕೆಳಗಿನ ತೇವ ಬಿಸಿಲಿಗೆ ಆವಿಯಾಗಿ ಮೇಲಕ್ಕೆ ಒತ್ತುತ್ತಿದೆ. ಅಕ್ರಿಲಿಕ್ ಸ್ವಲ್ಪ ಉಸಿರಾಡುತ್ತದೆ, ಅದರ ಶಕ್ತಿ ಮೀರಿ ಆವಿ ಬಂದರೆ ಗುಳ್ಳೆ. ಪ್ಲಾಸ್ಟಿಕ್ ಹಾಳೆ ಹಾಕದಿರುವುದು, ಪಕ್ಕದ ತೋಟದ ನೆಲ ಕೋರ್ಟಿಗಿಂತ ಎತ್ತರವಿರುವುದು, ಸೋರುವ ಸಂಪು ಅಥವಾ ಪೈಪು, ಪೂರ್ತಿ ಒಣಗದ ಪ್ಯಾಚಿನ ಮೇಲೆ ಬಳಿದಿರುವುದು ಇವು ಕಾರಣ. ಒಂದು ಗುಳ್ಳೆ ಕತ್ತರಿಸಿ ನೋಡಿ. ಒಳಗೆ ನೀರಿದ್ದು ಕೆಳಗೆ ಕಾಂಕ್ರೀಟ್ ಕಂಡರೆ ಮೊದಲು ನೀರಿನ ಮೂಲ ಹುಡುಕಿ: ಮೇಲಿನ ಬದಿಯಲ್ಲಿ ಚರಂಡಿ ತೋಡಿ, ತೋಟದ ಮಣ್ಣನ್ನು ನೆಲಕ್ಕಿಂತ ಮೂರ್ನಾಲ್ಕು ಇಂಚು ತಗ್ಗಿಸಿ. ನೆಲ ಪೂರ್ತಿ ಒಣಗಿದ ಮೇಲೆ ಗುಳ್ಳೆಯನ್ನು ಗಟ್ಟಿ ಅಂಚಿನ ತನಕ ಕೆರೆದು ತುಂಬಿ ಬಣ್ಣ ಹಾಕಿ. ಮೂಲ ಬಿಟ್ಟು ಗುಳ್ಳೆ ಮಾತ್ರ ತೇಪೆ ಹಾಕಿದರೆ ಮುಂದಿನ ವರ್ಷ ಅದರ ಪಕ್ಕದಲ್ಲೇ ಇನ್ನೊಂದು.

ಹಾಳೆ ಹಾಳೆಯಾಗಿ ಕಿತ್ತು ಬರ್ತಾ ಇದೆ. ಮೇಲೆ ಇನ್ನೊಂದು ಕೋಟ್ ಹೊಡೆದ್ರೆ ನಿಲ್ಲುತ್ತಾ?

ನಿಲ್ಲುವುದಿಲ್ಲ, ಹೊಸ ಕೋಟ್ ಹಳೆಯದನ್ನೂ ಕಿತ್ತುಕೊಂಡು ಬರುತ್ತದೆ. ಎದ್ದ ಹಾಳೆಯ ಬೆನ್ನು ನೋಡಿ. ಬಿಳಿ ಪುಡಿ ಅಂಟಿದ್ದರೆ ಕಾಂಕ್ರೀಟಿನ ಮೇಲ್ಮೈಯೇ ದುರ್ಬಲ ಅಥವಾ ಧೂಳು ತೊಳೆದಿಲ್ಲ. ಬೆನ್ನು ನುಣ್ಣಗೆ ಹೊಳೆಯುತ್ತಿದ್ದರೆ ಪವರ್ ಟ್ರೋವೆಲ್ ಅಥವಾ ಕ್ಯೂರಿಂಗ್ ಕಾಂಪೌಂಡ್. ಎರಡು ಬಣ್ಣದ ನಡುವೆಯೇ ಬಿಟ್ಟಿದ್ದರೆ ಕೋಟುಗಳ ನಡುವೆ ಕೊಳೆ, ಇಬ್ಬನಿ. ಕಾಂಕ್ರೀಟಿನಿಂದಲೇ ಬಿಟ್ಟಿದ್ದರೆ ಪೂರ್ತಿ ಕೆರೆದು, ಗ್ರೈಂಡ್ ಮಾಡಿ, ಪ್ರೈಮರಿನಿಂದ ಶುರು ಮಾಡಬೇಕು. ಹೊಸದಾಗಿ ಮಾಡಿಸುವವರು ಒಂದು ಮೂಲೆಯಲ್ಲಿ ಎರಡಡಿ ಚೌಕ ಮೊದಲು ಬಳಿಸಿ, ಮೂರು ದಿನದ ನಂತರ ಬ್ಲೇಡಿನಿಂದ ಅಡ್ಡಡ್ಡ ಗೀರಿ ಗಟ್ಟಿ ಟೇಪ್ ಅಂಟಿಸಿ ಕಿತ್ತು ನೋಡಿ. ಎದ್ದು ಬಂದರೆ ಆ ನೆಲ ಇನ್ನೂ ತಯಾರಿಲ್ಲ.

ಬಿರುಕು ತುಂಬಿಸಿ ಬಣ್ಣ ಹಾಕಿಸಿದ್ವಿ, ಮತ್ತೆ ಅದೇ ಜಾಗದಲ್ಲಿ ಬಂತು.

ಬರುತ್ತದೆ. ಬಿರುಕು ನೆಲದ್ದು, ನೆಲ ಬಿಸಿಗೆ ಹಿಗ್ಗಿ ಚಳಿಗೆ ಕುಗ್ಗುತ್ತಲೇ ಇರುತ್ತದೆ, ಒಂದೆರಡು ಮಿ.ಮೀ. ಅಕ್ರಿಲಿಕ್ ಅದನ್ನು ಹಿಡಿದಿಡಲಾರದು. ಕಾಂಕ್ರೀಟಿನ ಜಾಯಿಂಟುಗಳೂ ಹಾಗೆಯೇ. ಕಾಂಕ್ರೀಟ್ ಹಾಕಿದ 24 ಗಂಟೆಯೊಳಗೆ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕಟ್ ಮಾಡಿದರೆ ಬಿರುಕು ನಾವು ಹೇಳಿದ ಕಡೆ ಬರುತ್ತದೆ. ಆ ಕಟ್ಟನ್ನು ನೆಟ್ಟಿನ ಕೆಳಗೆ, ಕೋರ್ಟಿನ ಗೆರೆಯಾಚೆ ಬರುವಂತೆ ಆದಷ್ಟು ಯೋಜಿಸಿ, ಹಿಗ್ಗುವ ಸೀಲಂಟ್ ತುಂಬಿ. ಅದರ ಮೇಲೆ ಕೂದಲೆಳೆಯಷ್ಟು ಗೆರೆ ಕಂಡೇ ಕಾಣುತ್ತದೆ, ಅದು ದೋಷವಲ್ಲ. ಬೇರೆ ಕಡೆಯ ಬಿರುಕಿಗೆ, ಎರಡೂ ಬದಿಗೆ ಅಗಲವಾಗಿ ಹರಡುವ ಬಟ್ಟೆಯ ಪದರ ಹಾಕುವ ಪದ್ಧತಿಗಳಿವೆ, ಬಿರುಕಿನ ಮೇಲೆ ಅದು ಅಂಟದೆ ಜಾರುವುದರಿಂದ ಒತ್ತಡ ಮೇಲೆ ಬರುವುದಿಲ್ಲ. ಬಿರುಕಿನ ಒಂದು ಬದಿ ಎತ್ತರ, ಇನ್ನೊಂದು ತಗ್ಗಾಗಿದ್ದರೆ ಮಣ್ಣೇ ಕುಸಿದಿದೆ, ಅಲ್ಲಿ ಬಟ್ಟೆಯೂ ನಿಲ್ಲದು.

ಪಾಚಿ ಕಟ್ಟಿ ಜಾರುತ್ತೆ. ಪ್ರೆಷರ್ ವಾಷರ್ ಹಿಡಿಬಹುದಾ?

ಹಿಡಿಯಬಹುದು, ಹತ್ತಿರದಿಂದಲ್ಲ. ಬೀಸಣಿಗೆಯಂತೆ ಹರಡುವ ನಳಿಕೆ, ನೀರಿನ ಒತ್ತಡ 1500 ಪಿಎಸ್‌ಐ ಒಳಗೆ, ನೆಲದಿಂದ ಒಂದಡಿ ಮೇಲೆ, ಸದಾ ಸರಿಸುತ್ತಾ. ಒಂದೇ ಕಡೆ ನಿಲ್ಲಿಸಿದರೆ ಕೋಟಿಂಗನ್ನೇ ಕತ್ತರಿಸುತ್ತದೆ. ಪಾಚಿಗೆ ದ್ರವ ಬ್ಲೀಚ್ ಒಂದು ಪಾಲು, ನೀರು ಹತ್ತು ಪಾಲು ಬೆರೆಸಿ ಸುರಿದು ಹತ್ತು ಹದಿನೈದು ನಿಮಿಷ ಬಿಟ್ಟು, ಮೃದು ಬ್ರಷ್ಷಿನಿಂದ ತಿಕ್ಕಿ ಚೆನ್ನಾಗಿ ತೊಳೆಯಿರಿ. ಬ್ಲೀಚಿನ ಜೊತೆ ಆಸಿಡ್ ಎಂದೂ ಸೇರಿಸಬೇಡಿ, ವಿಷಾನಿಲ ಬರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಈ ಕೆಲಸ ಮಾಡಲೇಬೇಕು. ಒದ್ದೆ ಕೋರ್ಟಿನಲ್ಲಿ ಆಡುವುದಂತೂ ಬೇಡವೇ ಬೇಡ.

ಚೆಂಡು ಬೇಗ ಒಡೆಯುತ್ತೆ, ಶೂ ಸೋಲು ಸವೆಯುತ್ತೆ.

ಕಡೆಯ ಕೋಟಿನಲ್ಲಿ ದಪ್ಪ ಮರಳು ಹಾಕಿದ್ದಾರೆ. ಹೊಸ ಕೋರ್ಟ್ ಮೊದಲ ಕೆಲವು ತಿಂಗಳು ತರಿ ಹೆಚ್ಚಿದ್ದು ಆಡುತ್ತಾ ತಗ್ಗುತ್ತದೆ. ತಗ್ಗದಿದ್ದರೆ 80ರಿಂದ 100 ಮೆಶ್ ಮರಳಿನ ಬಣ್ಣ ಒಂದು ಕೋಟ್ ಹಾಕಿಸಿ.

ಮಂಡಿ ನೋವಿನವರು ಜಾಸ್ತಿ ಆಡ್ತಾರೆ. ಕುಷನ್ ಹಾಕಿಸಲಾ?

ದುಡ್ಡಿದ್ದರೆ, ನೆಲ ಒಣಗಿದ್ದರೆ ಹಾಕಿಸಿ. ರಬ್ಬರ್ ಕಣ ಬೆರೆಸಿದ ಅಕ್ರಿಲಿಕ್ಕಿನ ಹಲವು ಪದರ ಸೇರಿ ಎರಡು ಮೂರು ಮಿ.ಮೀ. ಬರುತ್ತದೆ. ಕಾಲಿಗೆ ಹಿತ, ಆದರೆ ಅದ್ಭುತ ನಿರೀಕ್ಷಿಸಬೇಡಿ. ದಪ್ಪ ಹೆಚ್ಚಿಸುತ್ತಾ ಹೋದರೆ ಚೆಂಡಿನ ಪುಟಿತ ತಗ್ಗುತ್ತದೆ. ಈ ಚೆಂಡಿಗೆ ನಿಗದಿಯಾದ ಪುಟಿತವೇ ಕಡಿಮೆ, 78 ಇಂಚಿನಿಂದ ಗ್ರಾನೈಟ್ ಮೇಲೆ ಬಿಟ್ಟಾಗ 30ರಿಂದ 34 ಇಂಚು. ತೇವದ ಕಾಟವಿರುವ ನೆಲಕ್ಕೆ ಕುಷನ್ ಬೇಡ, ಅದು ನೀರು ಹಿಡಿದಿಟ್ಟುಕೊಂಡು ಗುಳ್ಳೆ ದೊಡ್ಡದಾಗುತ್ತದೆ. ಕುರ್ಚಿ ಕಾಲು ಊರಿದರೆ ಗುಂಡಿಯೂ ಬೀಳುತ್ತದೆ.

ಹಳೇ ಟೆನಿಸ್ ಕೋರ್ಟಲ್ಲಿ ಎಷ್ಟು ಪಿಕಲ್‌ಬಾಲ್ ಕೋರ್ಟ್ ಆಗುತ್ತೆ?

ಸುತ್ತಲ ಜಾಗ ಸೇರಿ 60×120 ಅಡಿ ಇದ್ದರೆ 30×60 ಅಡಿಯ ನಾಲ್ಕು. ಟೆನಿಸ್ ಉಳಿಸಿಕೊಂಡು ಆಡುವುದಾದರೆ ಪಿಕಲ್‌ಬಾಲ್ ಗೆರೆಗೆ ಬಿಳಿಯಲ್ಲದ, ನೆಲಕ್ಕೆ ಹತ್ತಿರದ ಛಾಯೆ ಬಳಸಿ. ಟೆನಿಸ್ ಬಿಟ್ಟೇಬಿಡುವುದಾದರೆ ಹಳೆ ಗೆರೆಯ ಏಣು ಕೆರೆದು ರಿಸರ್ಫೇಸರ್ ಒಂದು ಕೋಟ್ ಕಡ್ಡಾಯ. ಬರೀ ಬಣ್ಣ ಹಾಕಿದರೆ ಹಳೆ ಗೆರೆಯ ನೆರಳು ಉಳಿಯುತ್ತದೆ.

ಗಣೇಶನ ಹಬ್ಬಕ್ಕೆ ಅದರ ಮೇಲೆ ಪೆಂಡಾಲ್ ಹಾಕಬಹುದಾ?

ಬೇರೆ ಜಾಗವಿದ್ದರೆ ಬೇಡ. ಶಾಮಿಯಾನದ ಗೂಟ ಹೊಡೆದ ತೂತು, ಕಬ್ಬಿಣದ ಕುರ್ಚಿ ಎಳೆದ ಗೀರು, ಎಣ್ಣೆ, ಕುಂಕುಮದ ಕಲೆ, ಪಟಾಕಿಯ ಸುಟ್ಟ ಗುರುತು ಹೋಗುವುದಿಲ್ಲ. ಬೇರೆ ದಾರಿಯಿಲ್ಲದಿದ್ದರೆ ಗೂಟದ ಬದಲು ಮರಳು ಮೂಟೆ, ಕೆಳಗೆ ದಪ್ಪ ಕಾರ್ಪೆಟ್ಟು, ಮೇಲೆ ಪ್ಲೈವುಡ್. ಮುಗಿದ ದಿನವೇ ಎತ್ತಿಬಿಡಿ, ಕಾರ್ಪೆಟ್ಟಿನ ಕೆಳಗೆ ನೀರು ನಿಂತರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಸೈಕಲ್, ಸ್ಕೇಟಿಂಗ್ ಯಾವತ್ತೂ ಬೇಡ.

ಎಷ್ಟು ವರ್ಷಕ್ಕೊಮ್ಮೆ ಮತ್ತೆ ಬಣ್ಣ?

ಬಳಕೆ ನೋಡಿಕೊಂಡು ನಾಲ್ಕರಿಂದ ಎಂಟು ವರ್ಷ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಬಾಡಿಗೆಗೆ ಓಡುವ ಕೋರ್ಟಿಗೆ ಇದಕ್ಕೂ ಬೇಗ. ಹಿಂದಿನ ಗೆರೆ ಮತ್ತು ಕಿಚನ್ ಗೆರೆಯ ಬಳಿ ಕೆಳಗಿನ ರಿಸರ್ಫೇಸರಿನ ಕಪ್ಪು ಅಥವಾ ಬೂದು ಮೈ ಕಾಣತೊಡಗಿದಾಗಲೇ ಮಾಡಿಸಿ. ಆಗ ತೊಳೆದು ಬಣ್ಣ ಎರಡು ಕೋಟ್ ಸಾಕು.

ಕಾಂಟ್ರಾಕ್ಟರ್ ಹತ್ರ ಏನೇನು ಬರೆಸಿಕೊಳ್ಳಬೇಕು?

ನೆಲ ಹಾಕುವವರು ಒಬ್ಬರು, ಕೋಟಿಂಗಿನವರು ಇನ್ನೊಬ್ಬರು ಆದಾಗ ಕೆಟ್ಟ ಮೇಲೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಗ್ಯಾರಂಟಿ ನಡುವೆ ಕಳೆದುಹೋಗುತ್ತದೆ. ಹಾಗಾಗಿ ನೀರು ಬಿಟ್ಟ ಪರೀಕ್ಷೆ ಮತ್ತು ತೇವದ ಪರೀಕ್ಷೆಯನ್ನು ಇಬ್ಬರ ಎದುರಿಗೂ ಮಾಡಿಸಿ, ನೆಲ ಒಪ್ಪಿಗೆಯಿದೆ ಎಂದು ಕೋಟಿಂಗಿನವರ ಸಹಿ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಏನು ಸರಿಪಡಿಸಬೇಕೆಂದು ಅಲ್ಲೇ ಬರೆಯಲಿ. ಕೊಟೇಷನ್ನಿನಲ್ಲಿ ಉತ್ಪನ್ನದ ಹೆಸರು, ಪ್ರತಿ ಪದರಕ್ಕೆ ಎಷ್ಟು ಲೀಟರ್, ಮರಳಿನ ಮೆಶ್, ಕೋಟಿನ ಸಂಖ್ಯೆ, ಯಾವ ತಗ್ಗು ಯಾರ ಖರ್ಚಿನಲ್ಲಿ ತುಂಬುವುದು ಎಂಬುದು ಬಿಡಿಬಿಡಿಯಾಗಿರಲಿ. "ಚದರ ಅಡಿಗೆ ಇಷ್ಟು, ಎಲ್ಲ ಸೇರಿ" ಎಂಬ ಒಂದೇ ಸಾಲಿನ ಕೊಟೇಷನ್ ಒಪ್ಪಬೇಡಿ. ಡಬ್ಬಿಗಳು ಸೀಲ್ ಒಡೆಯದೆ ಸೈಟಿಗೆ ಬರಲಿ, ಬ್ಯಾಚ್ ನಂಬರಿನ ಫೋಟೋ ತೆಗೆದಿಡಿ. ಒಟ್ಟು ಹಣದ ಹತ್ತನೇ ಒಂದು ಪಾಲನ್ನು ಮೊದಲ ಮಳೆಗಾಲ ಕಳೆಯುವ ತನಕ ಹಿಡಿದಿಡುವ ಷರತ್ತು ಹಾಕಿ. ಗುಳ್ಳೆಯಾಗಲಿ ಸಿಪ್ಪೆಯಾಗಲಿ ಏಳುವುದಿದ್ದರೆ ಹೆಚ್ಚಿನ ಪಾಲು ಅಷ್ಟರೊಳಗೆ ಎದ್ದಿರುತ್ತದೆ.